ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಬಾಲ್ಯ ಮತ್ತು ವರ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿ ಓದುವವರು, ಪಾಠ ಮಾಡುವವರು, ಆ ಕಾಲದ ಇತಿಹಾಸಕ್ಕೆ ಹೊಸಬರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ಉತ್ತರಗಳು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದವು. ಸ್ಕಾಟ್ಲೆಂಡಿನ ಕಾನೂನು, ಶಾಲೆ ಎರಡೂ ಬೇರೆ.

ವಿಕ್ಟೋರಿಯಾ ಕಾಲ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್‌ನಲ್ಲಿ, ತೀರಿಕೊಂಡದ್ದು 1901ರ ಜನವರಿಯಲ್ಲಿ. ಮೂರು ತಲೆಮಾರು ಹಿಡಿಯುವಷ್ಟು ಉದ್ದದ ಕಾಲ. 1840ರ ಎಂಟು ವರ್ಷದ ಹುಡುಗ ಗಣಿಯೊಳಗೆ ಇರಬಹುದಿತ್ತು. 1895ರಲ್ಲಿ ಅದೇ ವಯಸ್ಸಿನ ಹುಡುಗ ಶಾಲೆಯಲ್ಲಿ ಇರಲೇಬೇಕಿತ್ತು. ಹಾಗಾಗಿ ‘ವಿಕ್ಟೋರಿಯಾ ಕಾಲದ ಮಗು’ ಎಂಬ ಮಾತು ಕಂಡಲ್ಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವ ಇಸವಿ? ಅಪ್ಪನ ಆದಾಯ ಎಷ್ಟು?

ಒಂದು ಕುಟುಂಬ ಯಾವ ವರ್ಗದ್ದು ಎಂದು ಹೇಗೆ ಗುರುತಿಸುವುದು?

ಮೊದಲು ಹಣದ ಲೆಕ್ಕ. 12 ಪೆನ್ನಿಗೆ (ಬಹುವಚನದಲ್ಲಿ ಪೆನ್ಸ್) 1 ಶಿಲಿಂಗ್, 20 ಶಿಲಿಂಗಿಗೆ 1 ಪೌಂಡ್. ನಮ್ಮ ಅಜ್ಜಂದಿರ ರೂಪಾಯಿ-ಆಣೆ-ಪೈ ಲೆಕ್ಕದ ಜಾತಿಯದೇ ಇದು.

ಶತಮಾನದ ಮಧ್ಯಭಾಗದಲ್ಲಿ ಹೊಲದ ಕೂಲಿಯವನಿಗೆ ವಾರಕ್ಕೆ 10-12 ಶಿಲಿಂಗ್ ಸಿಗುತ್ತಿತ್ತು. ಅಂದರೆ ವರ್ಷವಿಡೀ ಕೆಲಸ ಸಿಕ್ಕರೆ 26ರಿಂದ 31 ಪೌಂಡ್. ಆದರೆ ವರ್ಷವಿಡೀ ಕೆಲಸ ಸಿಗುತ್ತಿರಲಿಲ್ಲ. ನುರಿತ ಕುಶಲಕರ್ಮಿಗೆ ವಾರಕ್ಕೆ 30 ಶಿಲಿಂಗಿನ ಆಸುಪಾಸು. 1842ರಲ್ಲಿ ಆದಾಯ ತೆರಿಗೆಯನ್ನು ಮತ್ತೆ ತಂದಾಗ ವರ್ಷಕ್ಕೆ 150 ಪೌಂಡಿಗಿಂತ ಕಡಿಮೆ ಇದ್ದವರನ್ನು ಹೊರಗೆ ಬಿಟ್ಟರು. ಮಧ್ಯಮ ವರ್ಗದ ಕೆಳ ಗಡಿಯನ್ನು ಹೆಚ್ಚುಕಡಿಮೆ ಅಲ್ಲೇ ಎಳೆಯಬಹುದು.

ಆ ಕಾಲದವರು ಇಷ್ಟೆಲ್ಲ ಲೆಕ್ಕ ಹಾಕುತ್ತಿರಲಿಲ್ಲ. ಮನೆಯಲ್ಲಿ ಆಳು ಇದ್ದಾಳೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು. ಒಬ್ಬ ಕೆಲಸದ ಹುಡುಗಿ ಇದ್ದರೂ ಸಾಕು, ಆ ಮನೆಯ ಹೆಂಗಸು ‘ಮರ್ಯಾದಸ್ಥಳು’.

ಹಾಗಾದರೆ ಬಾಲ್ಯ ಯಾವ ವಯಸ್ಸಿಗೆ ಮುಗಿಯುತ್ತಿತ್ತು?

ಇದಕ್ಕೆ ಒಂದೇ ಉತ್ತರವಿಲ್ಲ. ಜಮೀನ್ದಾರರ ಮಗನಿಗೆ 21 ತುಂಬಿ ಆಸ್ತಿ ಕೈಗೆ ಬರುವವರೆಗೂ ಅವನು ಕಾನೂನಿನ ಕಣ್ಣಿಗೆ ಬಾಲಕ. ವಕೀಲರ ಮಗ 16-18ರವರೆಗೆ ಓದುತ್ತಿದ್ದ. ಕುಶಲಕರ್ಮಿಯ ಮಗ 14ಕ್ಕೆ ಅಪ್ರೆಂಟಿಸ್ ಆಗುತ್ತಿದ್ದ. ಕೂಲಿಯವನ ಮಗ 8-10ಕ್ಕೆ ದುಡಿಯಲು ಹೊರಡುತ್ತಿದ್ದ, ಮಗಳು ಅದಕ್ಕೂ ಮುಂಚೆಯೇ ತಮ್ಮ-ತಂಗಿಯರನ್ನು ಸೊಂಟದಲ್ಲಿ ಹೊತ್ತಿರುತ್ತಿದ್ದಳು.

ಕಾನೂನಿನ ವಯಸ್ಸುಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸು 1875ರವರೆಗೆ 12, ಆಮೇಲೆ 13, 1885ರಿಂದ 16. ಗಿರಣಿಗೆ ಒಂದು ವಯಸ್ಸು, ಗಣಿಗೆ ಇನ್ನೊಂದು, ಮನೆಗಳ ಹೊಗೆ ಚಿಮಣಿ ಹತ್ತಿ ಗುಡಿಸಲು ಮತ್ತೊಂದು. ಬಾಲ್ಯ ಎಂದರೆ ಇಷ್ಟು ಎಂದು ಯಾರೂ ಒಟ್ಟಿಗೆ ಕೂತು ತೀರ್ಮಾನ ಮಾಡಲಿಲ್ಲ. ಒಂದೊಂದು ಕಸುಬಿನಲ್ಲಿ ಒಂದೊಂದು ಹಗರಣ ಆದಾಗ ಒಂದೊಂದು ತುಂಡು ಕಾನೂನು ಬಂತು.

ಬಡ ಮಕ್ಕಳೆಲ್ಲ ಗಿರಣಿಯಲ್ಲೇ ದುಡಿಯುತ್ತಿದ್ದರೆ?

ಇಲ್ಲ. ಗಿರಣಿ, ಗಣಿ, ಚಿಮಣಿ ಚಿತ್ರಗಳಲ್ಲಿ ಎದ್ದು ಕಾಣುತ್ತವೆ, ಅಷ್ಟೆ. 1851ರ ಜನಗಣತಿಯ ಪ್ರಕಾರ 10ರಿಂದ 14 ವರ್ಷದ ಗಂಡುಮಕ್ಕಳಲ್ಲಿ ಸುಮಾರು ಶೇ. 37, ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 20 ಮಂದಿ ಉದ್ಯೋಗದಲ್ಲಿದ್ದರು. ಹುಡುಗರಲ್ಲಿ ದೊಡ್ಡ ಪಾಲು ಹೊಲಗಳಲ್ಲಿ, ಹುಡುಗಿಯರಲ್ಲಿ ದೊಡ್ಡ ಪಾಲು ಬೇರೆಯವರ ಮನೆಗಳಲ್ಲಿ.

ಈ ಅಂಕಿಗಳನ್ನೂ ಹುಷಾರಾಗಿ ಓದಬೇಕು. ಬಿತ್ತಿದ ಹೊಲದಲ್ಲಿ ಗಿಲಕಿ ಅಲ್ಲಾಡಿಸುತ್ತ ಹಕ್ಕಿ ಓಡಿಸುವ ಏಳು ವರ್ಷದ ಹುಡುಗ, ಅಮ್ಮನ ಜೊತೆ ಕೂತು ಬೆಂಕಿಪೊಟ್ಟಣ ಅಂಟಿಸುವ ಐದು ವರ್ಷದ ಹುಡುಗಿ ಬಹಳ ಸಲ ಗಣತಿಗೆ ಸಿಗುತ್ತಿರಲಿಲ್ಲ. ಬೆಂಕಿಪೊಟ್ಟಣದ ಕೆಲಸಕ್ಕೆ ಶತಮಾನದ ಕೊನೆಯಲ್ಲಿ ಒಂದು ಗ್ರೋಸಿಗೆ, ಅಂದರೆ 144 ಪೊಟ್ಟಣಕ್ಕೆ, ಎರಡೂಕಾಲು ಪೆನ್ನಿಯ ಆಸುಪಾಸು ಸಿಗುತ್ತಿತ್ತು. ಅಂಟು, ದಾರದ ಖರ್ಚು ಮಾಡುವವರದೇ. ಮನೆಯೊಳಗಿನ ಈ ದುಡಿಮೆಯ ಹತ್ತಿರ ಇನ್‌ಸ್ಪೆಕ್ಟರು ಸುಳಿಯುತ್ತಲೇ ಇರಲಿಲ್ಲ. ಹೊಲದಲ್ಲಿ ಗುತ್ತಿಗೆದಾರನ ಗುಂಪುಗಳಲ್ಲಿ 8 ವರ್ಷದೊಳಗಿನವರನ್ನು ದುಡಿಸಬಾರದು ಎಂಬ ಕಾಯಿದೆಯೇ ಬಂದದ್ದು 1867ರಲ್ಲಿ.

ಹತ್ತಿ ಗಿರಣಿಯಲ್ಲಿ ಮಕ್ಕಳು ಮಾಡುತ್ತಿದ್ದದ್ದು ಏನು?

ನೂಲುವ ಯಂತ್ರದ ಮುಂಭಾಗ ಗಾಲಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಚಲಿಸುವಾಗ ಎಳೆಗಳು ತುಂಡಾಗುತ್ತವೆ. ತುಂಡಾದ ಎಳೆಯನ್ನು ಬಾಗಿ, ಬೆರಳಲ್ಲಿ ಹೊಸೆದು ಕೂಡಿಸುವುದು ಒಬ್ಬ ಹುಡುಗನ ಕೆಲಸ. ಯಂತ್ರದ ಅಡಿಗೆ ತೆವಳಿ ಉದುರಿದ ಹತ್ತಿ, ಧೂಳು ಗುಡಿಸುವುದು ಅವನಿಗಿಂತ ಚಿಕ್ಕವನ ಕೆಲಸ. ಯಂತ್ರದ ಭಾಗ ಮರಳಿ ಬರುವಷ್ಟರಲ್ಲಿ ಹೊರಗೆ ಬರದಿದ್ದರೆ ಕೈಯೋ ತಲೆಯೋ ಸಿಕ್ಕಿಕೊಳ್ಳುತ್ತಿತ್ತು.

ಈ ಮಕ್ಕಳಿಗೆ ಕೂಲಿ ಕೊಡುತ್ತಿದ್ದವನು ಅನೇಕ ಕಡೆ ಮಾಲೀಕನಲ್ಲ, ನೂಲುವವನೇ. ತನಗೆ ಸಿಗುವ ತೂಕದ ಲೆಕ್ಕದ ಕೂಲಿಯಲ್ಲಿ ಅವನು ಹುಡುಗರಿಗೆ ಹಂಚುತ್ತಿದ್ದ, ಮತ್ತು ಬಹಳ ಸಲ ಆ ಹುಡುಗರು ಅವನ ಮಕ್ಕಳೋ ನೆಂಟರ ಮಕ್ಕಳೋ ಆಗಿರುತ್ತಿದ್ದರು. ಮಕ್ಕಳ ದುಡಿಮೆ ತಡೆಯುವ ಕಾನೂನನ್ನು ಕೆಲವು ಅಪ್ಪ-ಅಮ್ಮಂದಿರೇ ಯಾಕೆ ವಿರೋಧಿಸಿದರು ಎಂಬುದು ಇದರಿಂದ ಅರ್ಥವಾಗುತ್ತದೆ.

1833ರ ಗಿರಣಿ ಕಾಯಿದೆ ನಿಜಕ್ಕೂ ಕೆಲಸ ಮಾಡಿತೆ?

ಅರ್ಧಂಬರ್ಧ. ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರು ಬೇಡ (ರೇಷ್ಮೆ ಗಿರಣಿಗೆ ವಿನಾಯಿತಿ), 9ರಿಂದ 13ರವರಿಗೆ ದಿನಕ್ಕೆ 9 ಗಂಟೆ, 13ರಿಂದ 18ರವರಿಗೆ 12 ಗಂಟೆ, ಚಿಕ್ಕವರಿಗೆ ದಿನಕ್ಕೆ 2 ಗಂಟೆ ಪಾಠ. ಮೊದಲ ಬಾರಿಗೆ ಸರ್ಕಾರಿ ಇನ್‌ಸ್ಪೆಕ್ಟರುಗಳನ್ನೂ ನೇಮಿಸಿದರು. ದೇಶಕ್ಕೆಲ್ಲ ನಾಲ್ವರು.

ಎಡವಟ್ಟಾದದ್ದು ವಯಸ್ಸಿನ ವಿಷಯದಲ್ಲಿ. ಜನನ ನೋಂದಣಿ ಆರಂಭವಾದದ್ದೇ 1837ರಲ್ಲಿ. ಹಾಗಾಗಿ ಮಗುವಿಗೆ ಒಂಬತ್ತು ತುಂಬಿದೆ ಎಂದು ತೋರಿಸಲು ಕಾಗದ ಇರಲಿಲ್ಲ. ವೈದ್ಯರು ಮಗುವನ್ನು ನೋಡಿ, ಅದರ ಮೈಕಟ್ಟು ಆ ವಯಸ್ಸಿಗೆ ತಕ್ಕಂತಿದೆ ಎಂದು ಸರ್ಟಿಫಿಕೇಟ್ ಕೊಡಬೇಕಿತ್ತು. ಎತ್ತರದ ಹುಡುಗ ಏಳಕ್ಕೇ ಒಳಗೆ ಹೋಗುತ್ತಿದ್ದ. ಅಣ್ಣನ ಸರ್ಟಿಫಿಕೇಟಿನಲ್ಲಿ ತಮ್ಮ ಹೋಗುವುದೂ ಇತ್ತು. 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಎತ್ತರಕ್ಕಿಂತ ಹಲ್ಲು ನೋಡುವುದು ನಂಬಿಕೆಗೆ ಅರ್ಹ ಎಂದು ತೋರಿಸಿಕೊಟ್ಟ. ದನದ ಜಾತ್ರೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ!

ಕಾಯಿದೆಯಿಂದ ನುಣುಚಿಕೊಳ್ಳುವ ಎರಡನೆಯ ದಾರಿ ಪಾಳಿ. ಮಕ್ಕಳನ್ನು ಎರಡು ತಂಡ ಮಾಡಿ ಒಂದರ ಹಿಂದೆ ಒಂದನ್ನು ದುಡಿಸಿದರೆ ಯಂತ್ರವೂ ನಿಲ್ಲುವುದಿಲ್ಲ, ದೊಡ್ಡವರ ದುಡಿಮೆಯೂ ತಗ್ಗುವುದಿಲ್ಲ. ಒಂದು ಮಗು ಎಷ್ಟು ಹೊತ್ತು ದುಡಿಯಿತು ಎಂದು ಇನ್‌ಸ್ಪೆಕ್ಟರಿಗೆ ಗೊತ್ತಾಗುತ್ತಲೂ ಇರಲಿಲ್ಲ. 1844ರ ಕಾಯಿದೆ ಇದನ್ನು ಸರಿಪಡಿಸಲು ಹೊರಟು ಅರ್ಧ ದಿನದ ಪದ್ಧತಿ ತಂದಿತು: ಆರೂವರೆ ಗಂಟೆ ದುಡಿಮೆ, 3 ಗಂಟೆ ಶಾಲೆ. ಯಂತ್ರಗಳಿಗೆ ಬೇಲಿ ಕಡ್ಡಾಯವಾಯಿತು, ಓಡುವ ಯಂತ್ರವನ್ನು ಮಕ್ಕಳು ಒರೆಸುವುದು ನಿಂತಿತು. ಆದರೆ ಕೊಡುಕೊಳ್ಳುವಿಕೆಯಲ್ಲಿ ಕನಿಷ್ಠ ವಯಸ್ಸು 9ರಿಂದ 8ಕ್ಕೆ ಇಳಿಯಿತು. ಸುಧಾರಣೆ ಎಂದರೆ ಸದಾ ಮುಂದಕ್ಕೇ ಹೆಜ್ಜೆ ಎಂದುಕೊಂಡವರು ಈ ಸಾಲನ್ನು ಇನ್ನೊಮ್ಮೆ ಓದಬಹುದು. ಅರ್ಧ ದಿನದ ಪದ್ಧತಿ ರದ್ದಾಗಲು 1918ರ ಶಿಕ್ಷಣ ಕಾಯಿದೆಯೇ ಬರಬೇಕಾಯಿತು.

ಗಣಿಗಳಲ್ಲಿ?

ಐದಾರು ವರ್ಷದವರಿಗೆ ಬಾಗಿಲು ಕಾಯುವ ಕೆಲಸ. ನೆಲದಡಿಯಲ್ಲಿ ಗಾಳಿಯ ಹರಿವನ್ನು ತಿರುಗಿಸಲು ಮರದ ಬಾಗಿಲುಗಳಿರುತ್ತಿದ್ದವು. ಬಂಡಿ ಬಂದಾಗ ಹಗ್ಗ ಎಳೆದು ತೆರೆಯಬೇಕು, ಹೋದ ಕೂಡಲೇ ಮುಚ್ಚಬೇಕು. ಕೆಲಸ ಹಗುರ, ಆದರೆ 12 ಗಂಟೆ ಕತ್ತಲೆಯಲ್ಲಿ ಒಂಟಿಯಾಗಿ. ಮಗು ನಿದ್ದೆಹೋಗಿ ಬಾಗಿಲು ತೆರೆದೇ ಉಳಿದರೆ ಸ್ಫೋಟಕ ಅನಿಲ ಕೂಡಿ ಇಡೀ ಗಣಿಯೇ ಸಿಡಿಯಬಹುದಿತ್ತು. ನೂರಾರು ಜನರ ಜೀವ ಆ ಮಗುವಿನ ಎಚ್ಚರದ ಮೇಲೆ ನಿಂತಿತ್ತು. ಸ್ವಲ್ಪ ದೊಡ್ಡವರು ಸೊಂಟಕ್ಕೆ ಪಟ್ಟಿ, ಸರಪಳಿ ಕಟ್ಟಿಕೊಂಡು ಅಂಬೆಗಾಲಲ್ಲಿ ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದರು.

1838ರ ಜುಲೈ 4ರಂದು ಯಾರ್ಕ್‌ಷೈರಿನ ಸಿಲ್ಕ್‌ಸ್ಟೋನ್ ಬಳಿಯ ಹಸ್ಕರ್ ಗಣಿಯಲ್ಲಿ ಬಿರುಮಳೆಯ ನೀರು ನುಗ್ಗಿ 26 ಮಕ್ಕಳು ಮುಳುಗಿ ಸತ್ತರು. ಆಮೇಲೆ ವಿಚಾರಣಾ ಆಯೋಗ ಬಂತು, 1842ರಲ್ಲಿ ಅದರ ವರದಿ ಚಿತ್ರಗಳ ಸಮೇತ ಅಚ್ಚಾಯಿತು. ಸರ್ಕಾರಿ ವರದಿಯಲ್ಲಿ ಚಿತ್ರ ಹಾಕುವುದು ಹೊಸದು. ಅಂಕಿಅಂಶಗಳಿಗೆ ಅಲುಗಾಡದವರು ಬರಿಮೈಯಲ್ಲಿ ಬಂಡಿ ಎಳೆಯುವ ಹುಡುಗಿಯರ ಚಿತ್ರಕ್ಕೆ ಬೆಚ್ಚಿದರು. ಅದೇ ವರ್ಷದ ಕಾಯಿದೆ ಹೆಂಗಸರನ್ನು, ಹುಡುಗಿಯರನ್ನು ಮತ್ತು 10 ವರ್ಷದೊಳಗಿನ ಹುಡುಗರನ್ನು ನೆಲದಡಿಯ ಕೆಲಸದಿಂದ ಹೊರಗಿಟ್ಟಿತು. ದುಡಿಮೆಗಿಂತ ಹೆಚ್ಚಾಗಿ ಸಂಸತ್ತನ್ನು ಕಾಡಿದ್ದು ಬಟ್ಟೆಯಿಲ್ಲದ ಮೈ ಎಂಬುದು ಆಗಿನ ಚರ್ಚೆಯನ್ನು ಓದಿದರೆ ಗೊತ್ತಾಗುತ್ತದೆ.

ಚಿಮಣಿ ಹತ್ತುವ ಹುಡುಗರನ್ನು ತಡೆಯಲು ಅಷ್ಟು ಕಾಲ ಯಾಕೆ ಬೇಕಾಯಿತು?

1788, 1834, 1840, 1864, 1875: ಐದು ಕಾಯಿದೆಗಳು, 87 ವರ್ಷ. ಕಾನೂನು ಯಾಕೆ ಸೋಲುತ್ತದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಕೆಲಸದ ರೀತಿ. ಹೊಗೆಯ ಕೊಳವೆ ಸಾಮಾನ್ಯವಾಗಿ 14 ಇಂಚು ಉದ್ದ, 9 ಇಂಚು ಅಗಲ. ಕೆಲವು 9ಕ್ಕೆ 9 ಇಂಚು. ದೊಡ್ಡ ಮನೆಗಳಲ್ಲಿ ಹಲವು ಒಲೆಗಳ ಕೊಳವೆಗಳು ಅಡ್ಡಡ್ಡ ತಿರುಗಿ ಒಂದೇ ಚಿಮಣಿಗೆ ಸೇರುತ್ತಿದ್ದವು. ಹುಡುಗ ಮುಖದ ಮೇಲೆ ಟೋಪಿ ಎಳೆದುಕೊಂಡು, ಒಂದು ಕೈ ಮೇಲೆತ್ತಿ ಕುಂಚ ಹಿಡಿದು, ಮೊಣಕಾಲು-ಬೆನ್ನು ಒತ್ತಿ ಕಂಬಳಿಹುಳದ ಹಾಗೆ ಏರುತ್ತಿದ್ದ. ಚರ್ಮ ಗಟ್ಟಿಯಾಗಲಿ ಎಂದು ಮಾಲೀಕ ಅವನನ್ನು ಬೆಂಕಿಯ ಹತ್ತಿರ ಕೂರಿಸಿ ಮೊಣಕೈ, ಮೊಣಕಾಲನ್ನು ಗಟ್ಟಿ ಉಪ್ಪುನೀರಿನಲ್ಲಿ ಉಜ್ಜುತ್ತಿದ್ದ. ಇಳಿಯುವಾಗ ಜಾರಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮಡಚಿಕೊಂಡರೆ ಅಲ್ಲೇ ಸಿಕ್ಕಿಬೀಳುತ್ತಿದ್ದ. ಮೇಲಿಂದ ಮಸಿ ಉದುರಿದರೆ ಉಸಿರು ಕಟ್ಟುತ್ತಿತ್ತು. ಗೋಡೆ ಒಡೆದು ತೆಗೆಯಬೇಕಿತ್ತು. ಮಸಿಯಿಂದ ವೃಷಣದ ಚರ್ಮಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಪರ್ಸಿವಾಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಬರೆದಿದ್ದ. ಒಂದು ಕಸುಬಿಗೂ ಕ್ಯಾನ್ಸರಿಗೂ ನಂಟು ಕಟ್ಟಿದ ಮೊದಲ ಬರಹಗಳಲ್ಲಿ ಅದೂ ಒಂದು.

ಬದಲಿ ಸಾಧನ ಇರಲಿಲ್ಲ ಎನ್ನುವಂತಿಲ್ಲ. ಬೆತ್ತದ ಕೋಲುಗಳನ್ನು ಒಂದಕ್ಕೊಂದು ಜೋಡಿಸಿ ತುದಿಗೆ ಕುಂಚ ಕಟ್ಟಿದ ಜೋಸೆಫ್ ಗ್ಲಾಸನ ಯಂತ್ರ 1828ರಲ್ಲೇ ಬಂದಿತ್ತು. ಇಂದಿಗೂ ಚಿಮಣಿ ಗುಡಿಸುವವರು ಬಳಸುವುದು ಅದರ ವಂಶದ್ದೇ. ಆದರೆ ತೀರಾ ಡೊಂಕು ಕೊಳವೆಗಳಲ್ಲಿ ಅದು ಆಡಬೇಕಾದರೆ ಅಲ್ಲಲ್ಲಿ ಕಿಟಕಿಯಂಥ ಬಾಗಿಲು ಕೊರೆಸಬೇಕು. ಅದಕ್ಕೆ ಖರ್ಚು, ಜೊತೆಗೆ ಮಸಿ ಕೋಣೆಗೆ ಬೀಳುತ್ತದೆ, ಜಮಖಾನೆ ಹಾಳಾಗುತ್ತದೆ ಎಂಬ ಭಯ. ಮನೆಯೊಡತಿ ‘ಹುಡುಗನನ್ನೇ ಕಳಿಸಿ’ ಎನ್ನುತ್ತಿದ್ದಳು. 1840ರ ಕಾಯಿದೆ 21 ವರ್ಷದೊಳಗಿನ ಯಾರೂ ಚಿಮಣಿ ಹತ್ತಬಾರದು ಎಂದರೂ, ದೂರು ಕೊಡಬೇಕಾದವರು ಯಾರು? ಮನೆಯವರೇ ತಪ್ಪಿತಸ್ಥರು. ವಿಚಾರಣೆ ಮಾಡುವ ಮ್ಯಾಜಿಸ್ಟ್ರೇಟನ ಮನೆಗೂ ಅದೇ ಹುಡುಗ ಬರುತ್ತಿದ್ದ.

1875ರ ಫೆಬ್ರುವರಿಯಲ್ಲಿ ಕೇಂಬ್ರಿಡ್ಜ್ ಬಳಿಯ ಫುಲ್‌ಬೋರ್ನ್ ಆಸ್ಪತ್ರೆಯ ಕೊಳವೆಯಲ್ಲಿ ಸಿಕ್ಕಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ. ಅವನ ಮಾಲೀಕನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಅದೇ ವರ್ಷ ಲಾರ್ಡ್ ಶಾಫ್ಟ್ಸ್‌ಬರಿ ತಂದ ಕಾಯಿದೆ ಹೊಸ ವಯಸ್ಸಿನ ಮಿತಿಗಿಂತ ಬೇರೆ ಉಪಾಯ ಹಿಡಿಯಿತು: ಚಿಮಣಿ ಗುಡಿಸುವವನು ಪೊಲೀಸರಿಂದ ಲೈಸೆನ್ಸ್ ಪಡೆಯಬೇಕು, ತಪ್ಪಿದರೆ ಲೈಸೆನ್ಸ್ ಹೋಗುತ್ತದೆ. ನೋಡಿಕೊಳ್ಳುವ ಹೊಣೆ ಒಬ್ಬರ ತಲೆಗೆ ಬಂದ ಮೇಲೆ ಪದ್ಧತಿ ನಿಂತಿತು.

ಮಧ್ಯಮ ವರ್ಗದ ಮನೆಯ ಮಗುವಿನ ದಿನ ಹೇಗಿರುತ್ತಿತ್ತು?

ಅದನ್ನು ಹೇಳಬೇಕಾದರೆ ಅದೇ ಮನೆಯ ಇನ್ನೊಂದು ಮಗುವಿನ ದಿನವನ್ನೂ ಹೇಳಬೇಕು. ಗುಮಾಸ್ತನ ಅಥವಾ ಸಣ್ಣ ವ್ಯಾಪಾರಿಯ ಮನೆಯಲ್ಲಿ ಹನ್ನೆರಡು ವರ್ಷದ ಮಗಳು ಪಿಯಾನೊ ಕಲಿಯುತ್ತಾಳೆ, ಕಸೂತಿ ಹಾಕುತ್ತಾಳೆ. ಅದೇ ಸೂರಿನಡಿ ಹದಿಮೂರರ ಕೆಲಸದ ಹುಡುಗಿ ಬೆಳಿಗ್ಗೆ ಆರಕ್ಕೆ ಮೊದಲೇ ಎದ್ದು ಬೂದಿ ಬಾಚಿ, ಒಲೆಯ ಕಬ್ಬಿಣಕ್ಕೆ ಕರಿ ಹಚ್ಚಿ ತಿಕ್ಕಿ, ಬೆಂಕಿ ಮಾಡಿ, ಮೆಟ್ಟಿಲು ತೊಳೆದು, ಮೂರು ಮಹಡಿ ಬಿಸಿನೀರು ಹೊತ್ತಿರುತ್ತಾಳೆ. ಒಬ್ಬಳಿಗೆ ಅದು ಬಾಲ್ಯ, ಇನ್ನೊಬ್ಬಳಿಗೆ ಆಗಲೇ ಉದ್ಯೋಗ.

1861ರ ಹೆಸರಾಂತ ಗೃಹಕೃತ್ಯದ ಕೈಪಿಡಿಯೊಂದು ಎಲ್ಲ ಕೆಲಸ ಮಾಡುವ ಒಂಟಿ ಆಳಿಗೆ ವರ್ಷಕ್ಕೆ 9ರಿಂದ 14 ಪೌಂಡ್ ಸಂಬಳ ಸೂಚಿಸುತ್ತದೆ. ಊಟ, ಮಲಗಲು ಜಾಗ ಬೇರೆ. ಹೊಸಬಳಿಗೆ ಇಷ್ಟೂ ಸಿಗುತ್ತಿರಲಿಲ್ಲ. ಮೇಲಾಗಿ ಬೆಳಗಿನ ಚೀಟಿ ಬಟ್ಟೆಯ ಉಡುಪು, ಮಧ್ಯಾಹ್ನದ ಕಪ್ಪು ಉಡುಪು, ಏಪ್ರನ್, ಟೋಪಿ ಎಲ್ಲವನ್ನೂ ಸಾಮಾನ್ಯವಾಗಿ ಅವಳೇ ತರಬೇಕು. ಅದಕ್ಕೇ ಅನೇಕ ಹುಡುಗಿಯರು ಬಟ್ಟೆಗೆ ಬೇಕಾದಷ್ಟು ಕೂಡಿಸಲೆಂದೇ ಮೊದಲು ಪಕ್ಕದ ಸಣ್ಣ ಮನೆಗಳಲ್ಲಿ ಪುಡಿ ಕೆಲಸ ಮಾಡುತ್ತಿದ್ದರು.

ಗಿರಣಿಗೆ ಇನ್‌ಸ್ಪೆಕ್ಟರು ಬಂದ, ಶಾಲೆಗೆ ಬಂದ. ಈ ಅಡುಗೆಮನೆಗೆ ಇಡೀ ವಿಕ್ಟೋರಿಯಾ ಕಾಲದಲ್ಲಿ ಬರಲೇ ಇಲ್ಲ.

ಶ್ರೀಮಂತರ ಮಕ್ಕಳು ಅಪ್ಪ-ಅಮ್ಮನನ್ನು ನೋಡುತ್ತಲೇ ಇರಲಿಲ್ಲವಂತೆ, ನಿಜವೆ?

ಸ್ವಲ್ಪ ಉತ್ಪ್ರೇಕ್ಷೆ. ಮಕ್ಕಳ ಕೋಣೆ ಮನೆಯ ಮೇಲಿನ ಮಹಡಿಯಲ್ಲಿ, ಕಿಟಕಿಗೆ ಸರಳು. ಅಲ್ಲಿನ ಆಡಳಿತ ದಾದಿಯದು. ಸಂಜೆ ಮುಖ ತೊಳೆಸಿ, ಒಳ್ಳೆಯ ಬಟ್ಟೆ ತೊಡಿಸಿ ಒಂದು ಗಂಟೆ ಕೆಳಗೆ ಕರೆತರುವುದು ಅನೇಕ ಮನೆಗಳ ಪದ್ಧತಿ. ಹಾಗೆಂದು ಪ್ರೀತಿ ಇರಲಿಲ್ಲ ಎಂದಲ್ಲ. ಪತ್ರ, ದಿನಚರಿಗಳಲ್ಲಿ ಅದು ತುಂಬಿ ತುಳುಕುತ್ತದೆ. ಊಟ ಬೇಕೆಂದೇ ಸಪ್ಪೆ: ಹಾಲು-ಬ್ರೆಡ್ಡು, ಬೇಯಿಸಿದ ಕುರಿಮಾಂಸ, ಅಕ್ಕಿಯ ಪುಡಿಂಗ್. ಮಸಾಲೆ, ಹಣ್ಣು ಮಕ್ಕಳಿಗೆ ಒಗ್ಗದು ಎಂಬ ನಂಬಿಕೆ.

ಹುಡುಗ ಏಳೆಂಟು ವರ್ಷಕ್ಕೆ ಹಾಸ್ಟೆಲ್ ಶಾಲೆಗೆ, 13ಕ್ಕೆ ‘ಪಬ್ಲಿಕ್ ಸ್ಕೂಲಿ’ಗೆ. ಹೆಸರು ನೋಡಿ ಮೋಸಹೋಗಬೇಡಿ, ಅದು ದುಬಾರಿ ಖಾಸಗಿ ಶಾಲೆ. ನಮ್ಮ ಬೆಂಗಳೂರಿನ ಬೋರ್ಡುಗಳಲ್ಲಿ ಕಾಣುವ ‘ಪಬ್ಲಿಕ್ ಸ್ಕೂಲ್’ ಕೂಡ ಅಲ್ಲಿಂದಲೇ ಬಂದ ವಿಪರೀತಾರ್ಥ. ಅಂಥ ಶಾಲೆಗಳಲ್ಲೊಂದಾದ ಈಟನ್‌ನಲ್ಲಿ ಒಬ್ಬ ಹುಡುಗನ ವರ್ಷದ ಖರ್ಚು 1860ರ ದಶಕದಲ್ಲಿ ನೂರು ಪೌಂಡ್ ದಾಟುತ್ತಿತ್ತು. ಹೊಲದ ಕೂಲಿಯವನ ಮೂರು ವರ್ಷದ ಸಂಪಾದನೆ ಅದು. ಅಲ್ಲಿ ಕಿರಿಯರು ಹಿರಿಯರ ಬೂಟು ಒರೆಸಿ, ಟೋಸ್ಟ್ ಸುಟ್ಟು ಕೊಡುವ ಪದ್ಧತಿ ಇತ್ತು. ಮನೆಯಲ್ಲಿ ಆಳುಗಳಿಂದ ಮಾಡಿಸಿಕೊಳ್ಳುತ್ತಿದ್ದ ಹುಡುಗ ಎರಡು-ಮೂರು ವರ್ಷ ತಾನೇ ಆಳಾಗಿ, ಆಮೇಲೆ ಯಜಮಾನನಾಗುತ್ತಿದ್ದ.

ಹೆಣ್ಣುಮಕ್ಕಳಿಗೆ ಮನೆಯಲ್ಲೇ ಗವರ್ನೆಸ್, ಅಂದರೆ ಅಲ್ಲೇ ಇದ್ದು ಪಾಠ ಹೇಳುವವಳು. ಇವಳು ಬಡತನಕ್ಕಿಳಿದ ಸಭ್ಯ ಮನೆತನದ ಹೆಂಗಸು. ಆಳುಗಳ ಜೊತೆ ಉಣ್ಣುವಂತಿಲ್ಲ, ಮನೆಯವರ ಜೊತೆ ಕೂರುವಂತಿಲ್ಲ.

ಶಾಲೆಗಳೂ ವರ್ಗಕ್ಕೆ ತಕ್ಕಂತೆ ಇದ್ದವೆ?

ಸರ್ಕಾರವೇ ಹಾಗೆ ವಿಂಗಡಿಸಿತ್ತು. ಬಡವರ ಶಾಲೆಗಳಿಗೆ ನ್ಯೂಕ್ಯಾಸಲ್ ಆಯೋಗ (1858-61), ಒಂಬತ್ತು ದೊಡ್ಡ ಶಾಲೆಗಳಿಗೆ ಕ್ಲಾರೆಂಡನ್ ಆಯೋಗ (1861-64), ನಡುವಿನವರಿಗೆ ಟಾಂಟನ್ ಆಯೋಗ (1864-68). ಟಾಂಟನ್ ಆಯೋಗ ಮಧ್ಯಮ ವರ್ಗವನ್ನೂ ಮೂರು ಹೋಳು ಮಾಡಿ 14, 16 ಮತ್ತು 18ರ ಸುಮಾರಿಗೆ ಶಾಲೆ ಬಿಡುವ ಮೂರು ದರ್ಜೆಯ ಶಾಲೆ ಸೂಚಿಸಿತು.

‘ಫಲಿತಾಂಶಕ್ಕೆ ತಕ್ಕ ಅನುದಾನ’ ಎಂದರೇನು?

1862ರಿಂದ ಬಡವರ ಶಾಲೆಗೆ ಸರ್ಕಾರಿ ಹಣ ಬರುತ್ತಿದ್ದ ಲೆಕ್ಕ ಹೀಗೆ. ಸರಾಸರಿ ಹಾಜರಾತಿಯ ಮೇಲೆ ಮಗುವೊಂದಕ್ಕೆ 4 ಶಿಲಿಂಗ್. 200ಕ್ಕಿಂತ ಹೆಚ್ಚು ಹಾಜರಾತಿ ಇರುವ ಮಗುವನ್ನು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಪರೀಕ್ಷಿಸುತ್ತಾನೆ. ಓದು, ಬರಹ, ಲೆಕ್ಕ ಮೂರಕ್ಕೂ ತಲಾ 2 ಶಿಲಿಂಗ್ 8 ಪೆನ್ಸ್. ಒಟ್ಟು 8 ಶಿಲಿಂಗ್. ಲೆಕ್ಕದಲ್ಲಿ ಫೇಲಾದರೆ 2 ಶಿಲಿಂಗ್ 8 ಪೆನ್ಸ್ ಕಡಿತ. ಮಗುವಿಗೆ ಕಾಯಿಲೆಯಾಗಿ ಆ ದಿನ ಬರದಿದ್ದರೆ ಎಂಟೂ ಹೋಯಿತು.

ಪರಿಣಾಮ ಊಹಿಸಬಹುದು. ಮೇಷ್ಟರ ಸಂಬಳ ಈ ಹಣದ ಮೇಲೆ ನಿಂತಿದ್ದರಿಂದ ಇತಿಹಾಸ, ಭೂಗೋಳ ಮೂಲೆಗೆ ಬಿದ್ದವು. ವರ್ಷವಿಡೀ ಒಂದೇ ಪಠ್ಯ ಉರುಹೊಡೆಸುತ್ತಿದ್ದರು, ಪುಸ್ತಕ ತಲೆಕೆಳಗೆ ಹಿಡಿದರೂ ಮಗು ನಿರರ್ಗಳವಾಗಿ ‘ಓದು’ತ್ತಿತ್ತು. ಜ್ವರ ಬಂದ ಮಕ್ಕಳನ್ನು ಕಂಬಳಿ ಹೊದಿಸಿ ಪರೀಕ್ಷೆಗೆ ಹೊತ್ತುತಂದದ್ದೂ ಉಂಟು. ಇಂಗ್ಲೆಂಡಿನಲ್ಲಿ ಇದು 1890ರ ದಶಕದಲ್ಲಿ ಕೊನೆಗೊಂಡಿತು.

ಈ ಪದ್ಧತಿ ನಮ್ಮ ಕಡೆಗೂ ಹಡಗು ಹತ್ತಿ ಬಂತು. ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳಲ್ಲಿ ಖಾಸಗಿ ಶಾಲೆಗಳಿಗೆ ಇದೇ ಮಾದರಿಯ ಅನುದಾನ ಜಾರಿಯಲ್ಲಿತ್ತು. ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯಗಳಲ್ಲೇ ಇದ್ದವು.

ಶಿಕ್ಷಣ ಕಡ್ಡಾಯವಾದದ್ದು 1870ರಲ್ಲಿ ಅಲ್ಲವೆ?

ಬಹಳ ಜನ ಮಾಡುವ ತಪ್ಪು. 1870ರ ಕಾಯಿದೆ ಶಾಲೆ ಇಲ್ಲದ ಕಡೆ ಶಾಲೆ ಕಟ್ಟಲು ಚುನಾಯಿತ ಮಂಡಳಿ ತಂದಿತು, ಅಷ್ಟೆ. 5ರಿಂದ 10 ವರ್ಷದವರಿಗೆ ಎಲ್ಲೆಡೆ ಕಡ್ಡಾಯವಾದದ್ದು 1880ರಲ್ಲಿ. ಬಿಡುವ ವಯಸ್ಸು 1893ರಲ್ಲಿ 11, 1899ರಲ್ಲಿ 12.

ಉಚಿತವಾದದ್ದು ಇನ್ನೂ ತಡವಾಗಿ, 1891ರಲ್ಲಿ. ನಡುವಿನ 11 ವರ್ಷ ಕಳಿಸದಿದ್ದರೆ ದಂಡ, ಕಳಿಸಿದರೆ ವಾರಕ್ಕೆ ಒಂದರಿಂದ ನಾಲ್ಕು ಪೆನ್ಸ್ ಫೀಸು. ನಾಲ್ಕು ಮಕ್ಕಳಿದ್ದ ಕೂಲಿಯವನಿಗೆ ಇದು ವಾರದ ಬ್ರೆಡ್ಡಿನ ಪ್ರಶ್ನೆ. ಹಾಜರಿ ಪುಸ್ತಕಗಳಲ್ಲಿ ಒಂದು ವಿನ್ಯಾಸ ಕಾಣುತ್ತದೆ: ಸುಗ್ಗಿಯಲ್ಲಿ ಹುಡುಗರಿಲ್ಲ, ಬಟ್ಟೆ ಒಗೆಯುವ ಸೋಮವಾರ ಹುಡುಗಿಯರಿಲ್ಲ.

ವರ್ಕ್‌ಹೌಸ್ ಅನಾಥಾಲಯವೆ?

ಅಲ್ಲ. 1834ರ ಬಡವರ ಕಾಯಿದೆಯಡಿ ನೆರವು ಬೇಕಾದ ಯಾರನ್ನಾದರೂ ಸೇರಿಸಿಕೊಳ್ಳುವ ಆಶ್ರಯ. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರಬೇಕು ಎಂಬುದೇ ಅದರ ತತ್ವ, ಯಾರೂ ಆಸೆಪಟ್ಟು ಬರಬಾರದೆಂದು. ಗಂಡ, ಹೆಂಡತಿ, ಮಕ್ಕಳು ಬಾಗಿಲಲ್ಲೇ ಬೇರೆಯಾಗಿ ಬೇರೆ ಬೇರೆ ವಾರ್ಡಿಗೆ. ಓಟ್ಸ್ ಗಂಜಿ, ಬ್ರೆಡ್ಡು, ಚೀಸ್, ತೂಕ ಹಾಕಿ.

ಮಕ್ಕಳನ್ನು ಗುತ್ತಿಗೆಗೆ ಹೊರಗೆ ಕಳಿಸುವುದೂ ಇತ್ತು. ಲಂಡನ್ ಹೊರವಲಯದ ಟೂಟಿಂಗ್‌ನ ಅಂಥದೊಂದು ಖಾಸಗಿ ವಸತಿಶಾಲೆಯಲ್ಲಿ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ತುಂಬಿದ್ದರು. 1849ರ ಆರಂಭದಲ್ಲಿ ಕಾಲರಾ ಬಂದಾಗ ಸುಮಾರು 180 ಮಕ್ಕಳು ಸತ್ತರು. ತಲೆಗಿಷ್ಟು ಎಂದು ದುಡ್ಡು ಪಡೆಯುವವನಿಗೆ ಜಾಗ, ಊಟ ಕಡಿಮೆ ಮಾಡಿದಷ್ಟೂ ಲಾಭ.

ಹಸುಗೂಸುಗಳು ಅಷ್ಟೊಂದು ಸಾಯುತ್ತಿದ್ದದ್ದು ಯಾಕೆ?

ಇಡೀ ಕಾಲದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 150ರ ಸುಮಾರು ಮೊದಲ ವರ್ಷ ದಾಟಲಿಲ್ಲ. 1899ರಲ್ಲಿ ಅದು 163. ದೊಡ್ಡವರ ಸಾವು ಇಳಿಯುತ್ತಿದ್ದಾಗಲೂ ಇದು ಇಳಿಯಲಿಲ್ಲ.

ಬೇಸಿಗೆಯ ಭೇದಿಯೇ ದೊಡ್ಡ ಕೊಲೆಗಾರ. ಗಾಜಿನ ಸೀಸೆಗೆ ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿದ ಹಾಲಿನ ಬಾಟಲಿ ಬಂತು. ಕೂಸು ಮಲಗಿಕೊಂಡೇ ತಾನಾಗಿ ಚೀಪುತ್ತದೆ, ಅಮ್ಮನಿಗೆ ಕೈ ಬಿಡುವು. ಆದರೆ ಆ ಕೊಳವೆಯ ಒಳಗನ್ನು ತೊಳೆಯಲು ಸಾಧ್ಯವೇ ಇರಲಿಲ್ಲ, ಹಳಸಿದ ಹಾಲು ಅಂಟಿಕೊಂಡು ಕೊಳೆಯುತ್ತಿತ್ತು. ‘ಕೊಲೆಗಾರ ಬಾಟಲಿ’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ದುಡಿಯುವ ತಾಯಂದಿರು ಕೂಸನ್ನು ನೆರೆಯ ಮುದುಕಿಯ ಹತ್ತಿರ ಬಿಟ್ಟರೆ, ಅವಳು ಅದನ್ನು ಸುಮ್ಮನಿರಿಸಲು ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಅಫೀಮು ಬೆರೆತ ಸಿಹಿ ಪಾಕ ಕುಡಿಸುತ್ತಿದ್ದಳು. ಅಫೀಮು ತಳದಲ್ಲಿ ಕೂತಿದ್ದರೆ ಕೊನೆಯ ಚಮಚ ಮಾರಕ. ಅಷ್ಟಾಗದಿದ್ದರೂ ಮಂಪರಿನಲ್ಲಿ ಕೂಸು ಹಾಲು ಕೇಳುವುದನ್ನೇ ಮರೆತು ಸೊರಗುತ್ತಿತ್ತು.

ಹಣ ಎಲ್ಲವನ್ನೂ ತಡೆಯುತ್ತಿರಲಿಲ್ಲ. ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ಆರ್ಚಿಬಾಲ್ಡ್ ಟೇಟ್ 1856ರ ವಸಂತದಲ್ಲಿ ಕಾರ್ಲೈಲ್‌ನಲ್ಲಿ ಕೆಲವೇ ವಾರಗಳೊಳಗೆ ಐದು ಹೆಣ್ಣುಮಕ್ಕಳನ್ನು ಸ್ಕಾರ್ಲೆಟ್ ಜ್ವರಕ್ಕೆ ಕಳೆದುಕೊಂಡರು. ಆದರೆ ಬದುಕುಳಿದವರ ಮೈಯಲ್ಲಿ ವರ್ಗ ಅಳತೆಗೆ ಸಿಗುತ್ತಿತ್ತು. 1880ರ ದಶಕದ ಅಳತೆಗಳ ಪ್ರಕಾರ 11-12 ವರ್ಷದ ಪಬ್ಲಿಕ್ ಸ್ಕೂಲ್ ಹುಡುಗ ಬಡ ಮಕ್ಕಳ ಇಂಡಸ್ಟ್ರಿಯಲ್ ಸ್ಕೂಲಿನ ಹುಡುಗನಿಗಿಂತ ಸರಾಸರಿ ಸುಮಾರು 5 ಇಂಚು ಎತ್ತರ.

ಮಕ್ಕಳನ್ನು ಹೊಡೆದರೆ ಕೇಳುವ ಕಾನೂನು ಇರಲಿಲ್ಲವೆ?

ಪ್ರಾಣಿಗಳಿಗೆ ಮೊದಲು ಬಂತು. ಪ್ರಾಣಿಹಿಂಸೆ ತಡೆಯುವ ಸಂಘ 1824ರಲ್ಲಿ, ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಮೊದಲ ಸಂಘ ಲಿವರ್‌ಪೂಲ್‌ನಲ್ಲಿ 1883ರಲ್ಲಿ, ಕಾಯಿದೆ 1889ರಲ್ಲಿ.

ಭಾರತದಲ್ಲಿದ್ದ ಬ್ರಿಟಿಷರ ಮಕ್ಕಳು?

ಅಲ್ಲೂ ವರ್ಗವೇ. ದೊಡ್ಡ ಅಧಿಕಾರಿಗಳು ಮಕ್ಕಳನ್ನು ಐದರಿಂದ ಏಳು ವರ್ಷದೊಳಗೆ ‘ಊರಿಗೆ’ ಕಳಿಸಿಬಿಡುತ್ತಿದ್ದರು. ಕಾಯಿಲೆಯ ಭಯ ಒಂದು, ಆಯಾಳ ಭಾಷೆ-ನಡೆ ಅಂಟುತ್ತದೆ ಎಂಬ ಭಯ ಇನ್ನೊಂದು. ಹಡಗಿನಲ್ಲಿ ಮಗುವನ್ನು ನೋಡಿಕೊಂಡು ಹೋದ ಆಯಾಳನ್ನು ಲಂಡನ್ನಿನಲ್ಲಿ ಕೈಬಿಡುವುದೂ ಇತ್ತು. ಅಂಥವರಿಗಾಗಿ ಅಲ್ಲಿ ಆಯಾಗಳ ಆಶ್ರಯಮನೆಯೇ ಇತ್ತು. ಸಾಮಾನ್ಯ ಸಿಪಾಯಿಯ ಮಕ್ಕಳಿಗೆ ಹಡಗಿನ ಭಾಗ್ಯವಿಲ್ಲ. ಅವರಿಗೆ ಊಟಿಯ ಲಾರೆನ್ಸ್ ಅಸೈಲಮ್ (1858) ಥರದ ವಸತಿಶಾಲೆಗಳು.

ಗಿರಣಿ ಕಾನೂನು ಇಲ್ಲಿಗೂ ಬಂತೆ?

1881ರ ಭಾರತೀಯ ಕಾರ್ಖಾನೆ ಕಾಯಿದೆ ಕನಿಷ್ಠ ವಯಸ್ಸನ್ನು 7 ಎಂದಿಟ್ಟಿತು, 12ರವರೆಗೆ ದಿನಕ್ಕೆ 9 ಗಂಟೆ. ಇಂಗ್ಲೆಂಡಿನ 1833ರ ಮಟ್ಟಕ್ಕಿಂತಲೂ ಎರಡು ವರ್ಷ ಕೆಳಗೆ. 1891ರಲ್ಲಿ ಅದು 9ಕ್ಕೆ ಏರಿತು.

ಹಳೆಯ ಫೋಟೊಗಳಲ್ಲಿ ಹುಡುಗರೂ ಲಂಗ ತೊಟ್ಟಿರುತ್ತಾರಲ್ಲ?

ಎಲ್ಲ ವರ್ಗಗಳಲ್ಲೂ ಹುಡುಗರು ನಾಲ್ಕರಿಂದ ಏಳು ವರ್ಷದವರೆಗೆ ಫ್ರಾಕ್ ತೊಡುತ್ತಿದ್ದರು. ಬಟ್ಟೆ ಒದ್ದೆ ಮಾಡಿಕೊಳ್ಳುವ ವಯಸ್ಸಿನಲ್ಲಿ ಗುಂಡಿಗಳ ಚಡ್ಡಿಗಿಂತ ಅದು ಸಲೀಸು, ಅಕ್ಕನದು ತಮ್ಮನಿಗೂ ಆಗುತ್ತದೆ. ಗುರುತಿಸಲು ಬೈತಲೆ ನೋಡಿ: ಪಕ್ಕದಲ್ಲಿದ್ದರೆ ಸಾಮಾನ್ಯವಾಗಿ ಹುಡುಗ, ನಡುವಿನಲ್ಲಿದ್ದರೆ ಹುಡುಗಿ.

ಸತ್ತ ಮಕ್ಕಳನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರಂತೆ?

ಅಂತರ್ಜಾಲದಲ್ಲಿ ಓಡಾಡುವ ಕಟ್ಟುಕತೆ. ಕಾಲ ಹಿಂದೆ ಕಾಣುವ ಆ ಕಬ್ಬಿಣದ ಸ್ಟ್ಯಾಂಡ್ ಜೀವಂತ ಮನುಷ್ಯ ಕೆಲವು ಸೆಕೆಂಡು ಅಲುಗಾಡದೆ ನಿಲ್ಲಲು ಆಸರೆ. ಹೆಣದ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ಸತ್ತ ಮಕ್ಕಳ ಫೋಟೊ ತೆಗೆಸುತ್ತಿದ್ದದ್ದು ನಿಜ, ಆದರೆ ಹಾಸಿಗೆಯಲ್ಲೋ ಶವಪೆಟ್ಟಿಗೆಯಲ್ಲೋ ಅಮ್ಮನ ಮಡಿಲಲ್ಲೋ ಮಲಗಿದಂತೆ. ಇನ್ನು ಕೂಸಿನ ಹಿಂದೆ ಬಟ್ಟೆ ಹೊದ್ದ ದೊಡ್ಡ ಆಕೃತಿ ಕಂಡರೆ ಹೆದರಬೇಕಿಲ್ಲ. ಕೂಸು ಅಲುಗದಂತೆ ಹಿಡಿದುಕೊಂಡು, ತಾನು ಕಾಣಬಾರದೆಂದು ಮುಸುಕು ಹಾಕಿಕೊಂಡ ಅಮ್ಮ ಅವಳು, ಅಥವಾ ದಾದಿ.